ಅತೀತ ಕಳೆದುಕೊಂಡ ನೇರಳೆ

ಪಾಂಡವಪುರದಲ್ಲಿ ಮುಸವ್ವಿರ್ ಬರೆದ ಬೋರ್ಡು ಯಾವುದು ಎಂದು ಗುರುತಿಸಲು ಕನ್ನಡ ಓದಲು ಬರಬೇಕಾಗಿಲ್ಲ. ಅವನು ಏನೇ ಚಿತ್ರ ಬರೆಯಲಿ, ಕೊನೆಗೆ ಅದರ ಮೇಲೆ ಬಿಳಿ ಬಣ್ಣದ ಒಂದು ಚುಕ್ಕೆ ಹೊಳಪು ಇಡುತ್ತಿದ್ದ. ಟೈರಿನ ಅಂಗಡಿಗೆ ಟೈರು ಬರೆದರೆ ಟೈರಿಗೆ ಹೊಳಪು, ಕೋಳಿ ಅಂಗಡಿಗೆ ಕೋಳಿ ಬರೆದರೆ ಕೋಳಿಯ ತೊಡೆಗೆ ಹೊಳಪು. ಒಮ್ಮೆ ಹಲ್ಲಿನ ಡಾಕ್ಟರೊಬ್ಬರ ಬೋರ್ಡಿನಲ್ಲಿ ದವಡೆ ಹಲ್ಲಿಗೂ ಬಿಡದೆ ಹೊಳಪಿಟ್ಟು, "ಇಷ್ಟು ಚೆನ್ನಾಗಿರೋ ಹಲ್ಲಿನೋನು ನನ್ನತ್ರ ಯಾಕ್ರೀ ಬರ್ತಾನೆ?" ಎಂದು ಬೈಸಿಕೊಂಡಿದ್ದ.

ಮುಸವ್ವಿರ್ ಎಂದರೆ ಚಿತ್ರ ಬರೆಯುವವನು ಎಂದೇ ಅರ್ಥ. ಹೆತ್ತವರು ಅಷ್ಟು ಮುಂದಾಲೋಚನೆಯಿಂದ ಇಟ್ಟ ಹೆಸರನ್ನು ಊರಿನ ಬಾಯಿ ನಯವಾಗಿ ಕತ್ತರಿಸಿ ಮುಸೀರ ಮಾಡಿತ್ತು. ಅವನಿಗೆ ಅದರಿಂದ ಬೇಸರವೇನೂ ಇರಲಿಲ್ಲ. ಬೋರ್ಡು ಬರೆಯುವವನಿಗೆ ಜಾಗ ಸಾಲದಾಗ ಅಕ್ಷರ ಕತ್ತರಿಸುವ ಕಷ್ಟ ಗೊತ್ತಿರುತ್ತದೆ.

ಆದರೆ ಬೋರ್ಡಿನ ಕಾಲ ಮುಗಿಯಿತು, ಫ್ಲೆಕ್ಸು ಬಂತು. ಹುಟ್ಟಿದವರಿಗೆ ಫ್ಲೆಕ್ಸು, ಸತ್ತವರಿಗೆ ಫ್ಲೆಕ್ಸು, ನಡುವೆ ಏನೂ ಮಾಡದೆ ಬದುಕಿರುವವರಿಗೆ ಎಲ್ಲಕ್ಕಿಂತ ದೊಡ್ಡ ಫ್ಲೆಕ್ಸು. ಬಸ್ ನಿಲ್ದಾಣದ ಬಳಿಯ ಹೊಸ ಅಂಗಡಿಯಲ್ಲಿ ಮುಸವ್ವಿರ್ ಒಮ್ಮೆ ಇಣುಕಿ ನೋಡಿದ್ದ. ಯಂತ್ರ ಬಣ್ಣ ಉಗುಳುತ್ತ ಹೋಗುತ್ತಿತ್ತು, ಹಿಂದೆಯೇ ಒಂದು ದೀಪ ಬಂದು ಬಣ್ಣವನ್ನು ಆಗಿಂದಾಗಲೇ ಒಣಗಿಸುತ್ತಿತ್ತು. "ಯೂವಿ ಲೈಟು ಕಣಣ್ಣ, ಅಸ್ಲಿ ಬೆಳಕು ಕಣ್ಣಿಗೆ ಕಾಣಲ್ಲ" ಎಂದು ಅಂಗಡಿಯವನು ಹೆಮ್ಮೆಯಿಂದ ಹೇಳಿದ. ತನ್ನ ಅನ್ನ ತಿಂದದ್ದು ಯಾವುದೆಂದು ಆ ದಿನ ಮುಸವ್ವಿರನಿಗೆ ತಿಳಿಯಿತು. ಕಣ್ಣಿಗೆ ಕಾಣದ್ದಾದ್ದರಿಂದ ಅದರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ.

ಅದೇ ಕಾಣದ ಬೆಳಕು ತಿರುಗಿ ಅವನಿಗೆ ಕೆಲಸ ಕೊಟ್ಟ ಕಥೆ ಇದು. ಕೊಟ್ಟಿತು, ಕೊಟ್ಟು ಏನು ಕಿತ್ತುಕೊಂಡಿತು ಎಂಬುದು ಮುಂದೆ ತಿಳಿಯುತ್ತದೆ.

ಪಾಂಡವಪುರದಿಂದ ತೊಣ್ಣೂರಿಗೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ಹೆಸರು ಬೇಡ. ಹೇಳಿದರೆ ಮಾನ ಹೋಯಿತೆನ್ನುತ್ತಾರೆ, ಹೇಳದಿದ್ದರೆ ಹೆಸರು ಬಂದಿಲ್ಲವೆಂದು ಮುನಿಯುತ್ತಾರೆ. ಮಳೆಗಾಲ ಬಂತೆಂದರೆ ಆ ಊರಿನ ಬೋರಿನ ನೀರು ಕೆಟ್ಟು ಮನೆಮನೆಯಲ್ಲೂ ವಾಂತಿಭೇದಿ. ಹಾಲಿನ ಡೈರಿಯ ಅಧ್ಯಕ್ಷ ಕರಿಯಪ್ಪ ಅಲ್ಲಿ ಇಲ್ಲಿ ಅಲೆದು ಕೊನೆಗೆ ಡೈರಿಯ ಪಕ್ಕದಲ್ಲಿ ಒಂದು ನೀರಿನ ಘಟಕ ಮಾಡಿಸಿದ. ಅದನ್ನು ಕೂರಿಸಲು ಬಂದವನು ರಘುನಂದನ್, ಇಂಜಿನಿಯರಿಂಗ್ ಕಾಲೇಜೊಂದರ ಮೇಷ್ಟ್ರು. ಹುಟ್ಟಿದ್ದು ನಾಗಮಂಗಲದ ಹಳ್ಳಿಯಲ್ಲೇ ಆದರೂ ಮೈಕು ಕೈಗೆ ಬಂದ ಕೂಡಲೇ ಅವನ ಬಾಯಿಗೆ ಪಠ್ಯಪುಸ್ತಕ ಬಂದುಬಿಡುತ್ತಿತ್ತು.

"ಆತ್ಮೀಯರೇ, ಇದು ಸೂಕ್ಷ್ಮತರಂಗ ಚಾಲಿತ ಅನಿಲ ಪ್ಲಾಸ್ಮಾದಿಂದ ನೇರಳಾತೀತ ವಿಕಿರಣವನ್ನು ಹೊರಸೂಸುವ ದೀಪ" ಎಂದು ಅವನು ಉದ್ಘಾಟನೆಯ ದಿನ ಶುರುಮಾಡಿದ. ಸಭೆಗೆ 'ಇದು' ಮತ್ತು 'ದೀಪ' ಎರಡು ಮಾತ್ರ ಅರ್ಥವಾದವು.

ಅಸಲಿಗೆ ವಿಷಯ ಅಷ್ಟು ಕಷ್ಟದ್ದೇನಲ್ಲ. ತಣ್ಣಗಾದ ಅನ್ನ ಬಿಸಿ ಮಾಡುವ ಮೈಕ್ರೋವೇವ್ ಪೆಟ್ಟಿಗೆಯ ಹೊಟ್ಟೆಯಲ್ಲಿ ಏನಿರುತ್ತದೋ ಅದೇ ಇಲ್ಲಿಯೂ ಇತ್ತು. ಅಲ್ಲಿ ಅನ್ನವಿಟ್ಟರೆ ಇಲ್ಲಿ ಎರಡೂ ತುದಿ ಮುಚ್ಚಿದ ಸ್ಫಟಿಕದ ಗಾಜಿನ ಕೊಳವೆ, ಅದರೊಳಗೆ ಒಂದಿಷ್ಟು ಆರ್ಗಾನ್ ಅನಿಲ, ಒಂದು ಹನಿ ಪಾದರಸ. ಕಾಣದ ತರಂಗ ಬಂದು ಬಡಿದಾಗ ಒಳಗಿನ ಪರಮಾಣುಗಳು ಕೆರಳಿ, ಮೈಮೇಲಿನ ಎಲೆಕ್ಟ್ರಾನುಗಳನ್ನು ಕಳೆದುಕೊಂಡು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಆ ಗದ್ದಲಕ್ಕೆ ಪ್ಲಾಸ್ಮಾ ಎಂದು ಹೆಸರು. ಗದ್ದಲದಲ್ಲಿ ಪಾದರಸ ಚೆಲ್ಲುವ ಬೆಳಕಿನ ಹೆಚ್ಚುಪಾಲು ನಮ್ಮ ಕಣ್ಣಿಗೆ ಕಾಣುವ ಕೊನೆಯ ಬಣ್ಣವಾದ ನೇರಳೆಯ ಆಚೆಗಿನದು. ಅದಕ್ಕೇ ನೇರಳಾತೀತ. ಕೊಳವೆಯೊಳಗೆ ತಂತಿಯೇ ಇಲ್ಲದ್ದರಿಂದ ಸುಟ್ಟುಹೋಗುವ ಭಯವೂ ಇಲ್ಲ. ಆ ದೀಪದ ಸುತ್ತ ನೀರು ಹರಿದರೆ ನೀರಿನೊಳಗಿನ ಕ್ರಿಮಿ ಕೆಡುತ್ತದೆ.

ಕರಿಯಪ್ಪ ಮುಂದಿನ ಸಾಲಿನಿಂದ ಕೇಳಿದ. "ಉಳ ಎಲ್ಲಾ ಸತ್ತೋಯ್ತವಾ ಸಾಮಿ?"

ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಓದಿದವನಿಗೆ ಸತ್ಯದ ಚಪಲ. "ಸಾಯುತ್ತವೆ ಎನ್ನುವುದು ವೈಜ್ಞಾನಿಕವಾಗಿ ಸರಿಯಲ್ಲ. ಅವುಗಳ ಸಂತಾನಶಕ್ತಿ ನಾಶವಾಗುತ್ತದೆ" ಎಂದ ರಘುನಂದನ್.

ಇದೊಂದನ್ನು ಸಭೆ ಬಹಳ ಚೆನ್ನಾಗಿ ಅರ್ಥಮಾಡಿಕೊಂಡಿತು. ಹೊಸದಾಗಿ ಮದುವೆಯಾದವರು ಮೊದಲು ಎದ್ದರು, ಮೊಮ್ಮಕ್ಕಳಿಗಾಗಿ ಕಾದಿದ್ದ ಅತ್ತೆಯರು ಅವರ ಹಿಂದೆ. ಎಮ್ಮೆಗೆ ಕುಡಿಸಿದರೆ ಗಬ್ಬ ನಿಲ್ಲುತ್ತದೋ ಇಲ್ಲವೋ ಎಂದು ಕೇಳಲು ಒಬ್ಬ ಉಳಿದಿದ್ದ, ಅವನೂ ಉತ್ತರಕ್ಕೆ ಕಾಯಲಿಲ್ಲ. ಘಟಕ ಶುರುವಾಯಿತು, ದೀಪ ಹೊತ್ತಿಕೊಂಡಿತು, ಕ್ರಿಮಿಗಳ ವಂಶ ನಿಂತಿತು. ನೀರು ಹಿಡಿಯಲು ಒಬ್ಬರೂ ಬರಲಿಲ್ಲ. ಜನ ಹಳೇ ಬೋರಿನ ನೀರನ್ನೇ ಕುಡಿದು ನಿಶ್ಚಿಂತೆಯಿಂದ ಭೇದಿ ಮಾಡಿಕೊಳ್ಳುತ್ತಿದ್ದರು.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದು ಕರಿಯಪ್ಪ ಕೆಲವು ದಿನ ಕಾದ. ಆಮೇಲೆ ಗೋಡೆಯ ಮೇಲೆ ದೊಡ್ಡದಾಗಿ ಏನಾದರೂ ಬರೆಸಬೇಕೆಂದು ತೀರ್ಮಾನಿಸಿದ. ಫ್ಲೆಕ್ಸು ಹಾಕಿದರೆ ಯಾರಾದರೂ ಕೊಟ್ಟಿಗೆಗೆ ಹೊದಿಸಲು ಹೊತ್ತೊಯ್ಯುತ್ತಾರೆ. ಗೋಡೆ ಹೊರಲು ಆಗುವುದಿಲ್ಲ. ಹೀಗೆ ಮುಸವ್ವಿರನಿಗೆ ಬಹಳ ಕಾಲದ ಮೇಲೆ ಒಂದು ಇಡೀ ಗೋಡೆ ಸಿಕ್ಕಿತು.

ರಘುನಂದನ್ ಬರೆದುಕೊಟ್ಟ ಚೀಟಿಯ ಪ್ರಕಾರ ಘಟಕದ ಹೆಸರು ಗೋಡೆಗಿಂತ ಉದ್ದವಿತ್ತು. ಮುಸವ್ವಿರ್ ಸುಣ್ಣದ ನೂಲು ಹೊಡೆದು, ಗೇಣು ಹಾಕಿ ಅಳೆದು, ಮೇಲಿನ ಸಾಲಿನಲ್ಲಿ 'ಶುದ್ಧ ಕುಡಿಯುವ ನೀರು' ಎಂದು ಆಳೆತ್ತರ ಬರೆದ. ಬೋರ್ಡು ಬರೆಯುವವರಿಗೆಲ್ಲ ಇರುವ ರೋಗ ಅವನಿಗೂ ಇತ್ತು. ಮೊದಲ ಅಕ್ಷರಗಳು ಗೌಡರ ಮನೆಯ ತಿಥಿ ಊಟದಂತೆ ಧಾರಾಳ, ಕೊನೆಯವಕ್ಕೆ ಎಲೆಯೇ ಇಲ್ಲ. ಎರಡನೇ ಸಾಲಿನಲ್ಲಿ 'ಸೂಕ್ಷ್ಮತರಂಗ ಚಾಲಿತ ನೇರಳಾ' ಎಂದು ಗುರುತು ಹಾಕುವಷ್ಟರಲ್ಲಿ ಕರೆಂಟಿನ ಮೀಟರು ಪೆಟ್ಟಿಗೆ ಅಡ್ಡ ಬಂತು.

"ಇಲ್ಲಿ ನಿಂತೋಯ್ತು ಗೌಡ್ರೇ. 'ತೀತ' ಎಲ್ಲಿ ಬರೀಲಿ?"

"ಅದೇನ್ಲಾ ಮುಸೀರ, ತೀತ?"

"ನೇರಳಾತೀತ. ಆ ಬಣ್ಣದ ಆಚೇದು ಅಂತ ಅರ್ಥವಂತೆ, ಮೇಷ್ಟ್ರು ಯೋಳಿದ್ರು."

"ಆಚೇದು ಆಚೇಲೇ ಇರ್ಲಿ ಬುಡ್ಲಾ. ನೇರಳೆ ಅಂತ ಬರಿ, ಸಾಕು. ಬೆಳಕು ಬೆಳಕೇ ತಾನೆ?"

ಮುಸವ್ವಿರ್ ಒದ್ದೆ ಬಟ್ಟೆಯಿಂದ ಒರೆಸಿ 'ನೇರಳೆ ಬೆಳಕಿನ ನೀರು' ಎಂದು ಬರೆದ. ಸಾಲು ಚೆನ್ನಾಗಿ ಕೂತಿತು. ಕೆಳಗಡೆ ಮಾತ್ರ ಬೋಳುಬೋಳಾಗಿ ಒಂದು ಮೂಲೆ ಉಳಿಯಿತು. ಖಾಲಿ ಮೂಲೆ ಕಂಡರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. ನೀಲಿಗೆ ಕೆಂಪು ಬೆರೆಸಿ, ಒಂದು ತೊಟ್ಟು ಕಪ್ಪು ಹಾಕಿ, ಎಲೆಯ ಸಮೇತ ಒಂದು ಗೊಂಚಲು ನೇರಳೆ ಹಣ್ಣು ಬರೆದ. ಎಷ್ಟೋ ವರ್ಷದಿಂದ ಒಳಗೇ ಕಟ್ಟಿಕೊಂಡಿದ್ದ ಬಣ್ಣವೆಲ್ಲ ಆ ಗೊಂಚಲಿಗೆ ಇಳಿಯಿತು. ಕೊನೆಗೆ ಒಂದೊಂದು ಹಣ್ಣಿಗೂ ಬಿಳಿ ಚುಕ್ಕೆಯ ಹೊಳಪು. ದೂರ ನಿಂತು ನೋಡಿದರೆ ಬಾಯಿ ಒಗರಾಗುತ್ತಿತ್ತು. ತನ್ನ ಜೀವಮಾನದಲ್ಲಿ ಇಷ್ಟು ಚೆನ್ನಾಗಿ ಏನನ್ನೂ ಬರೆದಿಲ್ಲ ಎಂದು ಅವನಿಗೆ ಸಂತೋಷವಾಯಿತು.

ಹಾಲು ಹಾಕಲು ಬಂದ ಜಯಲಕ್ಷ್ಮಮ್ಮ ಕ್ಯಾನು ಇಳಿಸಿ ಗೋಡೆ ನೋಡಿದಳು. "ಅಯ್ಯೋ ನಮ್ಮವ್ವ, ನೇರಳೆ ನೀರಂತೆ! ಸಕ್ಕರೆ ಕಾಯಿಲೆಗೆ ನೇರಳೆಗಿಂತ ಮದ್ದು ಬ್ಯಾರೆ ಐತಾ? ಈ ಕಾಲೇಜಿನೋರು ಇದನ್ನ ಮೊದ್ಲೇ ಯೋಳಬಾರ್ದಾ?" ಎಂದಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಸೀಮೆ ನಮ್ಮದು. ಎರಡು ಸಂತೆ ಕಳೆಯುವುದರೊಳಗೆ ಬೂಕನಕೆರೆಯಿಂದ ಟ್ರಾಕ್ಟರು, ಕೆ.ಆರ್. ಪೇಟೆಯಿಂದ ಕಾರು, ನಾಗಮಂಗಲದಿಂದ ಬಸ್ಸಿಳಿದು ನಡೆದು ಬರುವವರು. ಸಂತಾನದ ಭಯ ಎಲ್ಲಿ ಹೋಯಿತೋ ಏನೋ. ಸಕ್ಕರೆ ಕಾಯಿಲೆ ಬರುವ ವಯಸ್ಸಿಗೆ ಮಕ್ಕಳು ಆಗಿಹೋಗಿರುತ್ತಾರಲ್ಲ, ಅದಕ್ಕಿರಬೇಕು. ಘಟಕದ ಎದುರು ಟೀ ಅಂಗಡಿ ಬಂತು, ಕ್ಯಾನು ಮಾರುವವನು ಬಂದ. ಟೀಗೆ ಸಕ್ಕರೆ ಮಾಮೂಲಿಗಿಂತ ಒಂದು ಚಮಚ ಜಾಸ್ತಿಯೇ ಹಾಕಿಸಿಕೊಳ್ಳುತ್ತಿದ್ದರು. ಹೇಗೂ ಆಮೇಲೆ ನೇರಳೆ ನೀರು ಇದೆಯಲ್ಲ!

ರಘುನಂದನನ ಆನಂದ ಕೇಳಬೇಕೆ? 'ಗ್ರಾಮೀಣ ಜನರಲ್ಲಿ ವೈಜ್ಞಾನಿಕ ಮನೋಭಾವ' ಎಂದು ಮೈಸೂರಿನಲ್ಲಿ ಒಂದು ಭಾಷಣವನ್ನೇ ಮಾಡಿ ಬಂದ. ಬಂದ ಮರುದಿನ ಘಟಕದ ಬಾಗಿಲಲ್ಲಿ ಒಬ್ಬ ಮುದುಕ ಅವನನ್ನು ಪಕ್ಕಕ್ಕೆ ಕರೆದು ಗುಟ್ಟಾಗಿ, "ಸಾಮಿ, ಹಣ್ಣು ಎಲ್ಲಿ ಹಿಂಡ್ತೀರಾ?" ಎಂದು ಕೇಳಿದ.

ಆಗ ಅವನು ಮೊದಲ ಬಾರಿಗೆ ಗೋಡೆಯನ್ನು ಸರಿಯಾಗಿ ನೋಡಿದ. ತಲೆತಲೆ ಚಚ್ಚಿಕೊಂಡು ಸರತಿಯಲ್ಲಿದ್ದವರಿಗೆಲ್ಲ ವಿವರಿಸಿದ. ಒಳಗೆ ಹಣ್ಣಿಲ್ಲ, ಬರೀ ಬೆಳಕು. ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ. ದೀಪದೊಳಗೆ ತಂತಿಯಿಲ್ಲ, ತಾನಾಗಿ ಹೊತ್ತುತ್ತದೆ. ನೇರವಾಗಿ ನೋಡಿದರೆ ಕಣ್ಣು ಹೋಗುತ್ತದೆ. ಜನ ಕೈ ಕಟ್ಟಿಕೊಂಡು ಕೇಳಿದರು. ಕಣ್ಣಿಗೆ ಕಾಣದ್ದು, ತಾನಾಗಿ ಬೆಳಗುವುದು, ನೇರ ನೋಡಿದವರ ಕಣ್ಣು ಕೀಳುವುದು. ಅಂಥದ್ದು ಏನೆಂದು ಅವರಿಗೆ ಮೇಷ್ಟ್ರು ಹೇಳಿಕೊಡಬೇಕಾಗಿರಲಿಲ್ಲ. ಮರುದಿನದಿಂದ ಘಟಕದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರತೊಡಗಿದರು.

ಇದೆಲ್ಲ ನೋಡಿ ಮುಸವ್ವಿರ್ ಒಳಗೊಳಗೇ ನಗುತ್ತಿದ್ದ. ಒಂದು ಫ್ಲೆಕ್ಸಿಗೆ ಹೀಗೆ ಜನ ಸೇರಿಸಲು ಆಗುತ್ತದೆಯೇ? ಆ ನಗು ಒಂದು ಶುಕ್ರವಾರ ಗಂಜಾಮಿನಲ್ಲಿ ನಿಂತಿತು.

ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಅವನ ಅಕ್ಕ ಅಸ್ಗರಿ ಬೇಗಂ ಇದ್ದಳು. ಅಮ್ಮ ಬೇಗ ತೀರಿಕೊಂಡದ್ದರಿಂದ ಅವನನ್ನು ಬೆಳೆಸಿದವಳು ಅವಳೇ. ಚಿಕ್ಕವನಿದ್ದಾಗ ಮುಸವ್ವಿರ್ ಮನೆಯ ಗೋಡೆ ತುಂಬ ಇದ್ದಿಲಿನಲ್ಲಿ ಕುದುರೆ ಬರೆಯುತ್ತಿದ್ದ, ಅಪ್ಪನ ಕೈ ಏಳುವ ಮೊದಲೇ ಅವಳು ಸುಣ್ಣ ಬಳಿದುಬಿಡುತ್ತಿದ್ದಳು. ಮತ್ತೆ ಬಿಳಿಯಾದ ಗೋಡೆಯ ಮೇಲೆ ಅವನು ಮತ್ತೆ ಕುದುರೆ ಬರೆಯುತ್ತಿದ್ದ. ಅವನ ಮೊದಲ ಗೋಡೆ ಅವಳದು. ಅವಳು ಕುರಾನ್ ಓದಬಲ್ಲಳು, ಕನ್ನಡ ಅಕ್ಷರ ಬಾರದು. ತಮ್ಮ ಬರೆದ ಬೋರ್ಡುಗಳನ್ನು ಹೊಳಪಿನ ಚುಕ್ಕೆಯಿಂದಲೇ ಗುರುತಿಸಿ, ಬಸ್ಸಿನ ಕಿಟಕಿಯಿಂದ ಪಕ್ಕದವರಿಗೆಲ್ಲ ತೋರಿಸುತ್ತಿದ್ದಳು.

ಅವಳಿಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವಾಗಿತ್ತು. ಆ ಶುಕ್ರವಾರ ಊಟಕ್ಕೆಂದು ಹೋದವನಿಗೆ ಅಕ್ಕನ ಸೊಸೆ ಶಬ್ರೀನ್ ಬಾಗಿಲಲ್ಲೇ ಸಿಕ್ಕಿದಳು. "ಮಾಮೂ, ಅತ್ತೆ ಮಾತ್ರೆ ಬಿಟ್ಬಿಟ್ಟವ್ರೆ. ಡಬ್ಬದಲ್ಲಿ ಹಾಗೇ ಬಿದ್ದಿವೆ. ನಿಮ್ಮ ಮಾತಾದ್ರೂ ಕೇಳ್ತಾರೇನೋ ನೋಡಿ" ಎಂದಳು. ಒಳಗೆ ಅಡುಗೆಮನೆಯಲ್ಲಿ ನೀಲಿ ಕ್ಯಾನುಗಳು. ಅಸ್ಗರಿಯ ಮಗ ಸೈಫುಲ್ಲಾ ತನ್ನ ಲಗೇಜ್ ಆಟೋದಲ್ಲಿ ತಪ್ಪದೆ ತೊಣ್ಣೂರಿನ ದಾರಿಯಿಂದ ನೀರು ತರುತ್ತಿದ್ದ. ಅಕ್ಕ ಮಂಚದ ಮೇಲೆ ಕೂತಿದ್ದಳು. ಬಲಗಾಲಿನ ಹೆಬ್ಬೆರಳಿಗೆ ಹಳೆಯ ದುಪಟ್ಟಾದ ಚೂರು ಸುತ್ತಿತ್ತು.

"ಏನಿದು ಆಪಾ?"

"ಏನಿಲ್ಲ ಬಿಡೋ, ಎಡವಿದ್ದು. ಹಣ್ಣಿನ ನೀರು ಕುಡೀತಾ ಇದೀನಿ, ವಾಸಿಯಾಗುತ್ತೆ. ಇಷ್ಟು ವರ್ಷ ನೇರಳೆಗೆ ಕಾಲ ಬರೋ ತನಕ ಕಾಯ್ತಿದ್ದೆ, ಬೀಜ ಒಣಗಿಸಿ ಪುಡಿ ಮಾಡ್ತಿದ್ದೆ. ಈಗ ವರ್ಷವೆಲ್ಲ ಸಿಗುತ್ತೆ. ಅಲ್ಲಾ ದೊಡ್ಡವನು."

ಮುಸವ್ವಿರ್ ಬಟ್ಟೆ ಬಿಚ್ಚಿ ನೋಡಿದ. ಬೆರಳ ತುದಿ ಅವನು ಹಣ್ಣಿಗೆ ಬೆರೆಸಿದ್ದ ಬಣ್ಣಕ್ಕೇ ತಿರುಗಿತ್ತು.

"ಆಪಾ, ಆ ನೀರಲ್ಲಿ ಹಣ್ಣಿಲ್ಲ. ಅದು ಬೆಳಕು."

"ಬೆಳಕಾ? ಯಾವ ಬೆಳಕು?"

"ಕಣ್ಣಿಗೆ ಕಾಣಲ್ಲ ಅದು."

"ಕಾಣದ ಬೆಳಕು ಇದೆ ಅಂತೀಯ, ಕಾಣೋ ಹಣ್ಣು ಇಲ್ಲ ಅಂತೀಯ. ತಲೆ ನೆಟ್ಟಗಿದೆಯೇನೋ ನಿಂಗೆ? ಸೈಫುಲ್ಲಾ ಆಟೋದಲ್ಲಿ ಹೋಗಿ ನಾನೇ ನೋಡಿ ಬಂದಿದೀನಿ. ನಿನ್ನ ಚುಕ್ಕೆ ಇತ್ತು ಅದರ ಮೇಲೆ."

"ಜಾಗ ಖಾಲಿ ಇತ್ತು ಅಂತ ಬರ್ದೆ ಆಪಾ. ಕಸಮ್, ಸುಮ್ಮನೆ ಬರ್ದಿದ್ದು."

"ನನ್ನ ತಮ್ಮ ಸುಳ್ಳು ಬರೆಯೋನಲ್ಲ" ಎಂದಳು ಅವಳು, ಮಾತು ಮುಗಿಯಿತೆಂಬಂತೆ.

ತನ್ನ ಜೀವಮಾನವಿಡೀ 'ಇಲ್ಲಿ ಅಪ್ಪಟ ತುಪ್ಪ ದೊರೆಯುತ್ತದೆ', 'ಒಂದೇ ಮಾತು ಒಂದೇ ಬೆಲೆ' ಎಂದು ಬರೆದೇ ಹೊಟ್ಟೆ ಹೊರೆದವನು ಆ ಮಾತಿಗೆ ತಲೆ ತಗ್ಗಿಸಿದ. ಡಾಕ್ಟರ ಹತ್ತಿರ ಹೋಗೋಣ ಎಂದು ಕಾಡಿದ, ಬೇಡಿದ. ಅವಳು ಅವನ ತಟ್ಟೆಗೆ ಇನ್ನೊಂದು ತುಂಡು ಹಾಕಿ, ತಾನು ಒಂದು ಲೋಟ ನೀರು ಕುಡಿದಳು.

ಮರುದಿನ ಬೆಳಿಗ್ಗೆ ಮುಸವ್ವಿರ್ ಸುಣ್ಣದ ಬಕೆಟ್ಟು ಹಿಡಿದು ಗೋಡೆಯ ಮುಂದೆ ನಿಂತ. ಅವನ ಜೀವಮಾನದ ಒಳ್ಳೆಯ ಚಿತ್ರವನ್ನು ಅವನೇ ಅಳಿಸಬೇಕಾಗಿತ್ತು. ಬ್ರಷ್ಷು ಮೇಲೆತ್ತುವಷ್ಟರಲ್ಲಿ ಸರತಿಯಲ್ಲಿದ್ದವರು ಹೋ ಎಂದರು, ಟೀ ಅಂಗಡಿಯವನು ಸೌಟು ಹಿಡಿದೇ ಬಂದ, ಕರಿಯಪ್ಪ ಓಡಿ ಬಂದು ಬಕೆಟ್ಟು ಕಿತ್ತುಕೊಂಡ.

"ಏನ್ಲಾ ಮುಸೀರ, ಬುದ್ದಿಗಿದ್ದಿ ಕೆಟ್ಟದಾ? ಊರಿಗೇ ಅನ್ನ ಕೊಡೋ ಗೋಡೆ ಕಣ್ಲಾ ಇದು!"

"ನಮ್ಮಕ್ಕನ ಬೆರಳು ಕೊಳೀತಾ ಅದೆ ಗೌಡ್ರೇ. ಈ ಹಣ್ಣು ನೋಡ್ಕೊಂಡು ಮಾತ್ರೆ ಬುಟ್ಟವ್ಳೆ."

"ಮಾತ್ರೆ ಯಾಕ್ಲಾ ಬುಟ್ಟಳು? ನಂಗೂ ಸಕ್ಕರೆ ಕಾಯಿಲೆ ಐತೆ. ನಾನೂ ಈ ನೀರು ಕುಡೀತೀನಿ, ಮಾತ್ರೆ ಜೊತೇಲಿ. ಎಂಥಾ ಔಸ್ದಿಗೂ ಅದ್ರ ಜೊತೆ ಕುಡಿಯಾಕೆ ಅನುಪಾನ ಅಂತ ಒಂದು ಬ್ಯಾಡ್ವಾ? ನಮ್ಮಜ್ಜ ಜೇನುತುಪ್ಪ ಇಲ್ದೆ ಒಂದು ಗುಳಿಗೆ ಕೊಡ್ತಿರ್ನಿಲ್ಲ."

"ಮತ್ತೆ ಇದನ್ನ ಜನಕ್ಕೂ ಯೋಳಿ!"

"ಮಾತ್ರೆ ತಕೋಬೇಕು ಅಂದ್ರೆ ಇಲ್ಗಂಟ ಯಾವನ್ಲಾ ಬತ್ತಾನೆ?" ಎಂದ ಕರಿಯಪ್ಪ ಪ್ರಾಮಾಣಿಕವಾಗಿ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಮುಸವ್ವಿರ್ ಖಾಲಿ ಕೈಯಲ್ಲಿ ಮನೆಗೆ ಹೋದ. ಅನುಪಾನ ಎನ್ನುವ ಮಾತು ಮಾತ್ರ ಅವನ ಕಿವಿಯಲ್ಲಿ ಉಳಿಯಿತು.

ಮರುವಾರ ರಘುನಂದನ್ ತನ್ನ ಕೈಲಾದದ್ದನ್ನು ಮಾಡಿದ. ಒಂದು ಫ್ಲೆಕ್ಸು ಕಟ್ಟಿಸಿದ. 'ಸಾರ್ವಜನಿಕರ ಗಮನಕ್ಕೆ: ನೇರಳಾತೀತ ವಿಕಿರಣಕ್ಕೂ ನೇರಳೆ ಹಣ್ಣಿಗೂ ಯಾವುದೇ ಸಂಬಂಧ ಇರುವುದಿಲ್ಲ.' ಓದಲು ಬರುವವರು ಓದಿದರು, ಬಾರದವರಿಗೆ ಓದಿ ಹೇಳಿದರು. ಸಂಬಂಧ ಇಲ್ಲದಿದ್ದರೆ ಇಲ್ಲ ಅಂತ ಇಷ್ಟು ಖರ್ಚು ಮಾಡಿ ಯಾಕೆ ಬರೆಸುತ್ತಾರೆ? ಇಂಗ್ಲಿಷ್ ಮಾತ್ರೆ ಕಂಪನಿಯವರು ಮೇಷ್ಟ್ರ ಬಾಯಿ ಕಟ್ಟಿಸಿದ್ದಾರೆ ಎಂದು ತೀರ್ಮಾನವಾಯಿತು. ಸರತಿ ಇನ್ನಷ್ಟು ಉದ್ದವಾಯಿತು. ಭಾನುವಾರದ ಹೊತ್ತಿಗೆ ಆ ಫ್ಲೆಕ್ಸು ಯಾರದೋ ಎಮ್ಮೆ ಕೊಟ್ಟಿಗೆಯ ಮೇಲಿತ್ತು.

ಆಮೇಲೆ ಸೈಫುಲ್ಲಾನ ಫೋನು ಬಂತು. "ಮಾಮೂ, ಅಮ್ಮನಿಗೆ ಜ್ವರ, ಮೈಸೂರಿಗೆ ತಂದಿದೀವಿ."

ಮುಸವ್ವಿರ್ ಹೋಗುವಷ್ಟರಲ್ಲಿ ಹೆಬ್ಬೆರಳು ತೆಗೆದಾಗಿತ್ತು. ಮಾತ್ರೆ ಮತ್ತೆ ಬಿಟ್ಟರೆ ಮುಂದಿನ ಸಲ ಪಾದ, ಅದರ ಮುಂದೆ ಮೊಣಕಾಲು ಎಂದು ಡಾಕ್ಟರು ಅವನಿಗೇ ಹೇಳಿ ಹೋದರು. ಅಸ್ಗರಿ ಬ್ಯಾಂಡೇಜಿನ ಕಾಲು ಚಾಚಿ ಮಲಗಿದ್ದಳು. ಮಂಚದ ಕೆಳಗೆ ನೀಲಿ ಕ್ಯಾನು.

"ಅಳ್ಬೇಡ ಕಣೋ. ಒಂದು ಬೆರಳು ತಾನೆ? ಆ ನೀರು ಕುಡಿದಿದ್ದಕ್ಕೆ ಕಾಲು ಉಳೀತು. ಇಲ್ಲಿ ಸೂಜಿ ಚುಚ್ತಾವ್ರೆ, ಮಾತ್ರೆ ಕೊಡ್ತಾವ್ರೆ. ಮನೆಗೆ ಹೋದ್ಮೇಲೆ ಎಲ್ಲ ಬಿಟ್ಬಿಡ್ತೀನಿ."

ಮುಸವ್ವಿರ್ ಅತ್ತ. ಗಂಡಸು, ಐವತ್ತು ದಾಟಿದವನು, ವಾರ್ಡಿನ ನಡುವೆ ನಿಂತು ಅತ್ತ. ಆ ಬೆರಳು ತಾನೇ ಕತ್ತರಿಸಿದ್ದು, ಅತೀತವನ್ನು ಕತ್ತರಿಸಿದ ದಿನವೇ ಕತ್ತರಿಸಿದ್ದು ಎಂದು ಅವನಿಗೆ ಅನ್ನಿಸಿತು. ತಮ್ಮನ ದುಃಖ ನೋಡಲಾರದೆ ಅವಳೇ ಅವನಿಗೆ ಕುಡಿಯಲು ನೀರು ಕೊಟ್ಟಳು, ಕ್ಯಾನಿನಿಂದಲೇ.

ಕುಡಿಯುತ್ತಿದ್ದಾಗ ಅವನಿಗೆ ಕರಿಯಪ್ಪನ ಮಾತು ನೆನಪಾಯಿತು. ಆಪಾ ಅವನ ಮಾತು ನಂಬುವುದಿಲ್ಲ. ಡಾಕ್ಟರ ಮಾತನ್ನೂ ನಂಬುವುದಿಲ್ಲ. ಗೋಡೆಯನ್ನು ನಂಬುತ್ತಾಳೆ.

ಮೈಸೂರಿನಿಂದ ಬಂದವನು ನೆಟ್ಟಗೆ ಘಟಕಕ್ಕೆ ಹೋಗಿ ಬಣ್ಣದ ಡಬ್ಬ ತೆರೆದ. ಕರಿಯಪ್ಪ ಮತ್ತೆ ಓಡಿ ಬಂದ. "ಅಳಿಸಲ್ಲ ಗೌಡ್ರೇ, ಸೇರಿಸ್ತೀನಿ" ಎಂದ ಮುಸವ್ವಿರ್. ಹಣ್ಣಿನ ಗೊಂಚಲ ಕೆಳಗೆ ಚಾಚಿದ ಒಂದು ಅಂಗೈ ಬರೆದ, ಅಂಗೈ ಮೇಲೆ ಚಕ್ಕುಲಿಯಷ್ಟು ದೊಡ್ಡ ಒಂದು ಬಿಳಿ ಮಾತ್ರೆ. ಪಕ್ಕದಲ್ಲಿ ಒಂದು ಲೋಟ ನೀರು. ಕೆಳಗೆ ಕೆಂಪಕ್ಷರದಲ್ಲಿ 'ಈ ನೀರು ಅನುಪಾನ. ಡಾಕ್ಟರು ಕೊಟ್ಟ ಮಾತ್ರೆ ಇಲ್ಲದೆ ಫಲವಿಲ್ಲ' ಎಂದು ಬರೆದ. ಕರಿಯಪ್ಪ ಅನುಪಾನ ಎಂದು ಓದಿ, ತನ್ನ ಮಾತು ಗೋಡೆ ಏರಿದ್ದಕ್ಕೆ ಮೀಸೆ ತೀಡಿಕೊಂಡ. ಜನ ಕಡಿಮೆಯಾಗುತ್ತಾರೆಂಬ ಅವನ ಭಯವೂ ಸುಳ್ಳಾಯಿತು. ಪಥ್ಯ, ಅನುಪಾನ ಎಂದೆಲ್ಲ ಇದ್ದರೆ ಮದ್ದಿಗೆ ಗೌರವ ಹೆಚ್ಚುತ್ತದೆ.

ಸಂಜೆ ರಘುನಂದನ್ ಬಂದ. ಗೋಡೆಯನ್ನು ಬಹಳ ಹೊತ್ತು ನೋಡಿದ. ಅವನ ಬಾಯಿಂದ ಪಠ್ಯಪುಸ್ತಕ ಬಿದ್ದುಹೋಗಿ ನಾಗಮಂಗಲ ಹೊರಗೆ ಬಂತು. "ಅಲ್ಲ ಕಣಣ್ಣ, ಪ್ಲಾಸ್ಮಾ ಅಂತ ಯೋಳಿ ಯೋಳಿ ನನ್ನ ಗಂಟ್ಲು ಬಿದ್ದೋಯ್ತು. ನೀನು ಸುಳ್ಳಿನ ಮ್ಯಾಲೆ ಇನ್ನೊಂದು ಸುಳ್ಳು ಬರ್ದು ನಿಜ ಮಾಡ್ಬುಟ್ಟಲ್ಲ."

"ತಪ್ಪಾಯ್ತಾ ಸಾರ್?"

"ಆ ಮಾತ್ರೆ ಒಸಿ ದೊಡ್ಡದಾಗಿ ಬರೀಬೇಕಿತ್ತು" ಎಂದ ರಘುನಂದನ್. ಆಮೇಲೆ ಸ್ವಲ್ಪ ನಾಚಿಕೊಂಡು ಕೇಳಿದ. "ಆ ಅತೀತನ ಎಲ್ಲಾದ್ರೂ ಒಂಚೂರು ಸೇರಿಸಕ್ಕಾಯ್ತದಾ?"

ಮುಸವ್ವಿರ್ ಹುಡುಕಿದ. ಮೀಟರು ಪೆಟ್ಟಿಗೆಯ ಆಚೆಗೆ ಎರಡು ಗೇಣು ಜಾಗ ಉಳಿದಿತ್ತು. ಅಲ್ಲಿ ಚಿಕ್ಕದಾಗಿ 'ಅತೀತ' ಎಂದು ಬರೆದ. ಅದು ಬೋರ್ಡು ಬರೆದವನ ಹೆಸರೆಂದು ಜನ ಇಂದಿಗೂ ತಿಳಿದಿದ್ದಾರೆ.

ಅಸ್ಗರಿಯನ್ನು ಮನೆಗೆ ಕರೆತರುವ ದಿನ ಸೈಫುಲ್ಲಾ ಮಾಮೂವಿನ ಮಾತು ಕೇಳಿ ಆಟೋವನ್ನು ಗಂಜಾಮಿನ ಬದಲು ಸೀದಾ ತೊಣ್ಣೂರಿನ ದಾರಿಗೆ ಓಡಿಸಿದ. ಮುಸವ್ವಿರ್ ಗೋಡೆಯ ಹತ್ತಿರ ಕಾಯುತ್ತಿದ್ದ. ಆಟೋ ನಿಂತಿತು. ಶಬ್ರೀನ್ ಅತ್ತೆಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅಸ್ಗರಿ ಕತ್ತು ಹೊರಗೆ ಹಾಕಿ ಹಣ್ಣು ನೋಡಿದಳು, ಅಂಗೈ ನೋಡಿದಳು, ಅಂಗೈ ಮೇಲಿನದ್ದನ್ನು ಕಣ್ಣು ಕಿರಿದು ಮಾಡಿ ನೋಡಿದಳು.

"ಅದೇನದು ಬಿಳೀದು?"

"ಮಾತ್ರೆ ಆಪಾ. ಅದರ ಜೊತೆಗೆ ಕುಡಿದ್ರೇನೇ ಈ ನೀರು ಕೆಲ್ಸ ಮಾಡೋದು."

ಅಕ್ಕ ತಲೆಯಾಡಿಸಿದಳು. "ಇದು ನೀನು ಬರ್ದಿದ್ದಲ್ಲ. ಯಾರೋ ಡಾಕ್ಟರು ಬರೆಸಿರೋದು. ನಿನ್ನ ಚುಕ್ಕೆ ಎಲ್ಲಿ?"

ಮುಸವ್ವಿರ್ ತಿರುಗಿ ನೋಡಿದ. ಹೌದು, ಚುಕ್ಕೆ ಇರಲಿಲ್ಲ. ಇಟ್ಟಿರಲಿಲ್ಲವೆಂದಲ್ಲ, ಇಟ್ಟಿದ್ದ. ಬಿಳಿಯ ಮೇಲೆ ಬಿಳಿ ಕಾಣುತ್ತಿರಲಿಲ್ಲ, ಅಷ್ಟೇ.

ಅವನು ಡಬ್ಬದ ತಳದಲ್ಲಿ ಉಳಿದಿದ್ದ ನೇರಳೆ ಬಣ್ಣಕ್ಕೆ ಬಿಳಿ ಬೆರೆಸಿ ತೆಳುವಾಗಿ ಮಾಡಿ, ಮಾತ್ರೆಯ ಒಂದು ಮಗ್ಗುಲಿಗೆ ನೆರಳು ಕೊಟ್ಟ. ಮಾತ್ರೆ ಗೋಡೆಯಿಂದ ಉಬ್ಬಿ ಮುಂದೆ ಬಂತು. ಆಮೇಲೆ ಚಿಕ್ಕ ಬ್ರಷ್ಷು ತೆಗೆದು, ನೆರಳಿನ ಅಂಚಿನಲ್ಲಿ ಒಂದು ಬಿಳಿ ಚುಕ್ಕೆ ಇಟ್ಟ. ಚುಕ್ಕೆ ದುಂಡಗೇ ಬಂತು.

ಅಸ್ಗರಿ ಗೋಡೆಯಿಂದ ಕಣ್ಣು ತೆಗೆಯದೆ ಸೊಸೆಯ ಕಡೆಗೆ ಕೈ ಚಾಚಿದಳು. "ಕೊಡೇ ಶಬ್ರೀನ್, ಆ ಡಾಕ್ಟರು ಕೊಟ್ಟಿದ್ದು." ಮಾತ್ರೆ ಬಾಯಿಗೆ ಹಾಕಿಕೊಂಡು ಮೇಲೆ ನೀರು ಕುಡಿದು, ಸೆರಗಿನಿಂದ ತುಟಿ ಒರೆಸಿಕೊಂಡಳು. ತಮ್ಮನನ್ನು ನೋಡಿ ನಕ್ಕಳು.

"ಚೆನ್ನಾಗಿ ಬಂದಿದೆ ಕಣೋ" ಎಂದಳು. "ಮೊದ್ಲೇ ಬರ್ದಿದ್ರೆ ಬೆರಳೂ ಉಳೀತಿತ್ತು."

ಬೈಗುಳವೇನೂ ಅಲ್ಲ, ಸಾರಿಗೆ ಉಪ್ಪು ಕಡಿಮೆಯಾಯಿತು ಎನ್ನುವಂತೆ ಹೇಳಿದಳು. ಸೈಫುಲ್ಲಾ ಆಟೋ ತಿರುಗಿಸಿದ. ಮುಸವ್ವಿರ್ ಕೂತು ಬ್ರಷ್ಷು ತೊಳೆಯತೊಡಗಿದ. ನೀರು ತಿಳಿಯಾದ ಮೇಲೂ ತೊಳೆಯುತ್ತಲೇ ಇದ್ದ.